ನೆಲ ಒರೆಸಬೇಡಿ

ಹಗಲು ನಾನು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವವಳು.
ಸೊಂಟದ ಪೇಜರು ಕೂಗಿದರೆ
ಏಪ್ರನ್ನು ಮೊಳೆಗೆ, ಸೌಟು ಡಾರ್ಲಾಳ ಕೈಗೆ.
ಸಂಬಳವಿಲ್ಲ. ವರ್ಷಕ್ಕೊಮ್ಮೆ ಒಂದು ಊಟ, ಒಂದು ಜಾಕೆಟ್ಟು,
ಅದೂ ಅಳತೆ ತಪ್ಪಿದ್ದು.

ಉತ್ತರ ಡಕೋಟದ ಈ ಬಯಲಲ್ಲಿ
ಮನೆಯಿಂದ ಮನೆಗೆ ಎರಡು ಮೈಲಿ,
ಆಸ್ಪತ್ರೆಗೆ ನಲವತ್ತೊಂದು.
ಜನವರಿಯಲ್ಲಿ ಗಾಳಿ ಎದ್ದರೆ
ರಸ್ತೆ ಯಾವುದು, ಸಕ್ಕರೆ ಬೀಟಿನ ಹೊಲ ಯಾವುದು,
ಆಂಬುಲೆನ್ಸಿಗೂ ತಿಳಿಯದು, ದೇವರಿಗೂ.

ಆದ್ದರಿಂದ ಕೇಳಿ, ಬೈಗುಳ ಅಂದುಕೊಂಡರೂ ಸರಿ:
ಮನೆ ನಂಬರನ್ನು ಟಪಾಲು ಡಬ್ಬಿಯ ಮೇಲೆ ದಪ್ಪಗೆ ಬರೆಯಿರಿ.
ನಿಮ್ಮ ಸೊಸೆ ಬಿಡಿಸಿದ ಬಾತುಕೋಳಿ ಚೆಂದವೇ,
ಅದರ ರೆಕ್ಕೆಯಡಿ ಇರುವುದು ಏಳೋ ಒಂದೋ
ರಾತ್ರಿ ಮೂರು ಗಂಟೆಗೆ ನನಗೆ ಕಾಣುವುದಿಲ್ಲ.
ಹೊರಗಿನ ದೀಪ ಹಾಕಿ. ನಾಯಿ ಕಟ್ಟಿ.
"ಅದು ಏನೂ ಮಾಡೋಲ್ಲ" ಅಂದವರ ನಾಯಿಯೇ
ನನ್ನ ಎಡಗಾಲಿನ ಮೀನಖಂಡಕ್ಕೆ ಸಹಿ ಹಾಕಿದ್ದು.

ಮಾತ್ರೆಗಳ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿ.
"ಬಿಳಿದು, ಸಣ್ಣದು, ಊಟ ಆದ್ಮೇಲೆ" ಅನ್ನುವುದು ಹೆಸರಲ್ಲ.
ಎದೆನೋವೆಂದರೆ ನೀವೇ ಟ್ರಕ್ಕು ಓಡಿಸಿಕೊಂಡು ಹೊರಡಬೇಡಿ.
ಗಂಡಸರಿಗೆ ಇದನ್ನು ಎರಡು ಸಲ ಹೇಳಬೇಕು:
ಹೊರಡಬೇಡಿ.
ಬರೀ ಅಜೀರ್ಣವಾಗಿದ್ದರೆ ನಗೋಣ,
ಕಾಫಿ ಕುಡಿದು ವಾಪಸು ಹೋಗುತ್ತೇನೆ.
ಸುಮ್ಮನೆ ಕರೆದವರಿಗೆ ನಾನು ಯಾವತ್ತೂ ಮುಖ ಗಂಟು ಹಾಕಿಲ್ಲ.
ಕರೆಯದೆ ಇದ್ದವರಿಗೆ ಹಾಕಿದ್ದೇನೆ,
ಅವರಿಗದು ಕಂಡಿರಲಿಕ್ಕಿಲ್ಲ.

ಹೊಸದಾಗಿ ಸೇರಿದ ಹುಡುಗ ಟ್ರೆವಿನ್ ಕೇಳಿದ:
ಎದೆ ಒತ್ತುವಾಗ ಲಟಕ್ಕೆಂದರೆ?
ಒತ್ತುತ್ತಲೇ ಇರು. ಪಕ್ಕೆಲುಬು ಕೂಡಿಕೊಳ್ಳುತ್ತೆ.
ಜೋರಾಗಿ ಎಣಿಸು, ಮನೆಯವರಿಗೂ ಕೇಳಲಿ,
ಅಂಕಿಗಳನ್ನಾದರೂ ಹಿಡಿದುಕೊಂಡು ನಿಂತಿರಲಿ ಅವರು.
ಉಳಿಯದಿದ್ದರೆ "ಹೋಗಿಬಿಟ್ಟರು" ಅನ್ನಬೇಡ.
"ಎಲ್ಲಿಗೆ?" ಅಂತ ಒಬ್ಬ ಮುದುಕ ನನ್ನನ್ನು ಕೇಳಿದ್ದ,
ಕೋಟಿನ ತೋಳಿಗೆ ಕೈ ತೂರಿಸುತ್ತಾ.
ಸತ್ತರು ಅನ್ನು. ಅಂದು, ಕೂತುಕೋ.
ಜೇಬಲ್ಲಿ ಒಣ ಕಾಲುಚೀಲ ಇಟ್ಟುಕೋ. ಬೆಳಿಗ್ಗೆ ಏನಾದರೂ ತಿಂದಿರು.

ಇನ್ನು ಆರ್ಡಿಸ್ ಹೌಗನ್.
ನನಗೆ ಪಿಯಾನೋ ಕಲಿಸಿದವಳು, ಕಲಿಯಲಿಲ್ಲ ನಾನು.
ಕರೆ ಬಂದದ್ದು ಒಂಬತ್ತೂ ಹತ್ತಕ್ಕೆ.
ಬಾಗಿಲು ತೆರೆದರೆ ಮನೆ ಫಳಫಳ,
ನೆಲ ಇನ್ನೂ ಒದ್ದೆ, ಸೋಪಿನ ನಿಂಬೆ ವಾಸನೆ,
ಬಕೆಟ್ಟು ಮೂಲೆಯಲ್ಲಿ, ಒರೆಸುವ ಬಟ್ಟೆ ಹಿಂಡಿ ಒಣಹಾಕಿದೆ,
ಅವಳು ಕುರ್ಚಿಯಲ್ಲಿ, ತುಟಿಗೆ ಬಣ್ಣ,
ಬಣ್ಣದ ಅಂಚಿನಾಚೆ ನೀಲಿ.
"ಎಂಟೂವರೆಗೇ ಶುರುವಾಯ್ತು" ಅಂದಳು, ಕ್ಷಮೆ ಕೇಳುವವಳ ಹಾಗೆ,
"ಜನ ಬರ್ತಾರಲ್ಲ, ಅದಕ್ಕೇ..."
ಆಮೇಲೆ ನನ್ನ ಬೂಟು ನೋಡಿದಳು.
ಹಿಮ, ಕೆಸರು. ಹೊಸ್ತಿಲಿಂದ ಅವಳ ತನಕ ನನ್ನ ಹೆಜ್ಜೆ.

ನಲವತ್ತು ನಿಮಿಷ.
ನಲವತ್ತೊಂದು ಮೈಲಿಯಲ್ಲಿ
ಮೂವತ್ತು ದಾಟಿದ್ದಳು.

ನಾವು ಜನ ಅಲ್ಲ ಕಣ್ರೀ.
ಸಿಂಕಿನ ಪಾತ್ರೆ ನೋಡುವುದಿಲ್ಲ, ನೋಡಿದರೂ
ಊರಲ್ಲಿ ಬಾಯಿ ಬಿಡುವುದಿಲ್ಲ.
ಹರಕು ಬನಿಯನ್ನಾದರೂ ಕತ್ತರಿಯಿಂದ ಸೀಳುತ್ತೇನೆ,
ರೇಷ್ಮೆಯದಾದರೂ ಸೀಳುತ್ತೇನೆ.
ಮೊದಲು ಕರೆಯಿರಿ. ಆಮೇಲೆ ಕೂತುಕೊಳ್ಳಿ. ಅಷ್ಟೇ ಮನೆಗೆಲಸ.

ಅವತ್ತು ಮಧ್ಯಾಹ್ನ, ಮಗಳು ಫಾರ್ಗೊದಿಂದ ಬರುವ ಮುನ್ನ,
ಅವಳ ಬಾಗಿಲ ಕೀಲಿ ನನ್ನ ಜೇಬಲ್ಲೇ ಉಳಿದಿತ್ತು.
ಬೂಟು ಹೊರಗೆ ಬಿಟ್ಟು ಹೋದೆ.
ಒಂದೊಂದೇ ಹೆಜ್ಜೆ ಒರೆಸುತ್ತಾ ಹಿಂದಕ್ಕೆ ಬಂದೆ, ಬಾಗಿಲ ತನಕ.
ಅವಳು ಒಣಹಾಕಿದ್ದ ಬಟ್ಟೆಯೇ.
ಇನ್ನೂ ತೇವವಿತ್ತು.